ಗ್ರಾಫಿಕ್ಸ್ ಕಾರ್ಡ್‌ಗೆ ಎಸ್‌ಎಂಪಿಎಸ್‌ನಿಂದ ಪವರ್ ಕೊಡೋದು ಹೇಗೆ: ಯಾವ ಕೇಬಲ್, ಎಷ್ಟು, ಎಲ್ಲಿಗೆ

ಹೊಸ ಗ್ರಾಫಿಕ್ಸ್ ಕಾರ್ಡ್ ತಂದಿದೀನಿ, ಎಸ್‌ಎಂಪಿಎಸ್‌ನಿಂದ ಯಾವ ಕೇಬಲ್ ತಂದು ಇದಕ್ಕೆ ಹಾಕ್ಬೇಕು ಅಂತ ವಾರಕ್ಕೆ ಇಬ್ರಾದ್ರೂ ಕೇಳ್ತಾರೆ. ಜೊತೆಗೊಂದು ಫೋಟೋ ಕಳಿಸ್ತಾರೆ, ಅದ್ರಲ್ಲಿ ಕ್ಯಾಬಿನೆಟ್ ಒಳಗೆ ಕಪ್ಪು ಕೇಬಲ್‌ಗಳ ಗಂಟು ಬಿಟ್ರೆ ಏನೂ ಕಾಣಲ್ಲ. ಒಬ್ಬೊಬ್ರಿಗೂ ಬೇರೆ ಬೇರೆ ಬರೆಯೋ ಬದಲು ಎಲ್ಲಾನೂ ಇಲ್ಲೇ ಪೂರ್ತಿ ಬರೀತಿದೀನಿ. ಕೆಲಸ ಅರ್ಧ ಗಂಟೇದು ಅಷ್ಟೇ, ಆದ್ರೆ ಮೂವತ್ತು ನಲವತ್ತು ಸಾವಿರ ಕೊಟ್ಟು ತಂದ ಕಾರ್ಡ್ ಹಾಳಾಗೋದೂ ಇದೇ ಅರ್ಧ ಗಂಟೇಲಿ, ಅದಕ್ಕೆ ಅವಸರ ಮಾಡದೆ ಒಂದ್ಸಲ ಪೂರ್ತಿ ಓದ್ಕೊಂಡು ಆಮೇಲೆ ಕ್ಯಾಬಿನೆಟ್ ಬಿಚ್ಚಿ.

ಮೊದ್ಲು ಎರಡು ಮಾತು. ಎಸ್‌ಎಂಪಿಎಸ್ ಅಂದ್ರೆ ಗೋಡೆಯಿಂದ ಬರೋ 230 ವೋಲ್ಟ್ ಎಸಿ ಕರೆಂಟನ್ನ ಕಂಪ್ಯೂಟರ್ ಒಳಗಿನ ಪಾರ್ಟ್‌ಗಳಿಗೆ ಬೇಕಾದ 12, 5 ಮತ್ತೆ 3.3 ವೋಲ್ಟ್ ಡಿಸಿ ಮಾಡಿ ಕೊಡೋ ಡಬ್ಬ. ಬಾಕ್ಸ್ ಮೇಲೆ ಪಿಎಸ್‌ಯು ಅಂತ ಇದ್ರೂ ಬೆಂಗಳೂರಿನ ಕಂಪ್ಯೂಟರ್ ಅಂಗಡಿ ಸಾಲು ಎಸ್‌ಪಿ ರೋಡಲ್ಲಿ ಎಲ್ರೂ ಅನ್ನೋದು ಎಸ್‌ಎಂಪಿಎಸ್ ಅಂತಾನೇ, ಎರಡೂ ಒಂದೇ. ಮದರ್‌ಬೋರ್ಡ್ ಮೇಲೆ, ಅಂದ್ರೆ ಎಲ್ಲಾ ಪಾರ್ಟ್ ಸೇರೋ ದೊಡ್ಡ ಬೋರ್ಡ್ ಮೇಲೆ, ಗ್ರಾಫಿಕ್ಸ್ ಕಾರ್ಡ್ ಕೂರೋ ಉದ್ದನೆ ಸ್ಲಾಟ್‌ಗೆ ಪಿಸಿಐ-ಇ ಸ್ಲಾಟ್ ಅಂತ ಹೆಸರು. ಈ ಸ್ಲಾಟ್ ಕಾರ್ಡ್‌ಗೆ ಹೆಚ್ಚಂದ್ರೆ 75 ವ್ಯಾಟ್ ಕೊಡತ್ತೆ. ಅದಕ್ಕಿಂತ ಜಾಸ್ತಿ ಬೇಕಾದ ಕಾರ್ಡ್‌ಗೆ ಎಸ್‌ಎಂಪಿಎಸ್‌ನಿಂದಾನೇ ನೇರವಾಗಿ ಕೇಬಲ್ ಎಳೀಬೇಕು, ಈ ಲೇಖನ ಪೂರ್ತಿ ಅದರ ಬಗ್ಗೇನೇ.

ಬೇಕಾಗಿರೋದು ಇಷ್ಟು: ಒಂದು ಸ್ಟಾರ್ ಸ್ಕ್ರೂಡ್ರೈವರ್, ಮೊಬೈಲ್ ಟಾರ್ಚ್, ನಿಮ್ಮ ಎಸ್‌ಎಂಪಿಎಸ್ ಜೊತೆ ಬಂದಿದ್ದ ಕೇಬಲ್ ಚೀಲ, ಕಾರ್ಡ್‌ನ ಬಾಕ್ಸ್. ಬಾಕ್ಸ್ ಎಸೀಬೇಡಿ, ಕೆಲವು ಕಾರ್ಡ್ ಜೊತೆ ಅಡಾಪ್ಟರ್ ಕೇಬಲ್ ಇಟ್ಟಿರ್ತಾರೆ, ರಟ್ಟಿನ ಕೆಳಗೆ ಸೇರ್ಕೊಂಡಿರತ್ತೆ.

1. ಕಾರ್ಡ್ ಎಷ್ಟು ಕೇಳತ್ತೆ ನೋಡಿ

ಕಾರ್ಡ್‌ನ ಮೇಲಂಚಲ್ಲಿ, ಇಲ್ಲಾಂದ್ರೆ ಬಾಲದ ಕಡೆ, ಪವರ್ ಸಾಕೆಟ್ ಇರತ್ತೆ. ಅದ್ರಲ್ಲಿ ಎಷ್ಟು ತೂತಿದೆ ಎಣಿಸಿ. 6 ಪಿನ್ ಇದ್ರೆ ಆ ಕೇಬಲ್‌ನಿಂದ 75 ವ್ಯಾಟ್ ತಗೋಬಹುದು, 8 ಪಿನ್ ಇದ್ರೆ 150 ವ್ಯಾಟ್. ಹೊಸ ದೊಡ್ಡ ಕಾರ್ಡ್‌ಗಳಲ್ಲಿ ಸಣ್ಣ ಸಣ್ಣ ತೂತಿನ 16 ಪಿನ್ ಇರತ್ತೆ, ಅದೊಂದೇ 600 ವ್ಯಾಟ್‌ವರೆಗೂ ಹೊರತ್ತೆ. ಸಾಕೆಟ್ಟೇ ಇಲ್ಲ ಅಂದ್ರೆ ನಿಮ್ಮ ಕೆಲಸ ಸುಲಭ, ಸ್ಲಾಟಿನ 75 ವ್ಯಾಟೇ ಅದಕ್ಕೆ ಸಾಕು. ಜಿಟಿ 1030, ಆರ್‌ಎಕ್ಸ್ 6400, ಜಿಟಿಎಕ್ಸ್ 1650ರ ಕೆಲವು ಮಾಡೆಲ್‌ಗಳು ಈ ತರದವು. 1650ಯಲ್ಲೇ 6 ಪಿನ್ ಇರೋ ಮಾಡೆಲ್ಲೂ ಇವೆ, ಹೆಸರು ನೋಡಿ ನಿರ್ಧಾರ ಮಾಡ್ಬೇಡಿ, ಕಾರ್ಡ್ ನೋಡಿ ಮಾಡಿ.

ಅಂದಾಜಿಗೆ ಹೇಳ್ಬೇಕಂದ್ರೆ ಆರ್‌ಟಿಎಕ್ಸ್ 4060 ಕೇಳೋದು 115 ವ್ಯಾಟ್, ಆರ್‌ಎಕ್ಸ್ 6600 132, ಆರ್‌ಟಿಎಕ್ಸ್ 3060 170, ಆರ್‌ಟಿಎಕ್ಸ್ 3080 320, ಆರ್‌ಟಿಎಕ್ಸ್ 4090 450, 5090 ಬಂದ್ರೆ 575.

2. ಎಸ್‌ಎಂಪಿಎಸ್ ನಿಜವಾಗ್ಲೂ ಎಷ್ಟು ಕೊಡತ್ತೆ ನೋಡಿ

ಇಲ್ಲಿ ತುಂಬಾ ಜನ ಎಡವ್ತಾರೆ. ಡಬ್ಬದ ಮೇಲೆ ದೊಡ್ಡದಾಗಿ 450 ಅಥವಾ 500 ಅಂತ ಇರತ್ತೆ, ಅದನ್ನ ನೋಡಿ ಸಮಾಧಾನ ಮಾಡ್ಕೋತಾರೆ. ನೀವು ನೋಡ್ಬೇಕಾಗಿರೋದು ಆ ದೊಡ್ಡ ನಂಬರ್ ಅಲ್ಲ, ಪಕ್ಕದಲ್ಲಿ ಅಂಟಿಸಿರೋ ಸ್ಟಿಕ್ಕರಲ್ಲಿ 12 ವೋಲ್ಟ್ ಅನ್ನೋ ಕಾಲಂ ಕೆಳಗೆ ಎಷ್ಟು ಆಂಪ್ ಅಂತ ಬರೆದಿದೆ ಅನ್ನೋದು. ಗ್ರಾಫಿಕ್ಸ್ ಕಾರ್ಡು, ಪ್ರೊಸೆಸರು ಎರಡೂ ಹೆಚ್ಚುಕಮ್ಮಿ ಪೂರ್ತಿಯಾಗಿ ಈ 12 ವೋಲ್ಟ್ ಮೇಲೇನೇ ನಡೆಯೋದು. ಆ ಆಂಪನ್ನ 12ರಿಂದ ಗುಣಿಸಿ. 36 ಆಂಪ್ ಇದ್ರೆ 432 ವ್ಯಾಟ್, ಒಳ್ಳೇ 450 ವ್ಯಾಟ್ ಡಬ್ಬ. ಅದೇ 18 ಆಂಪ್ ಅಂತಿದ್ರೆ ಬರೀ 216 ವ್ಯಾಟ್ ಆಯ್ತು, ಮೇಲೆ 450 ಅಂತ ಬರೆದಿದ್ರೂ ಅದ್ರಿಂದ ಗೇಮಿಂಗ್ ಕಾರ್ಡ್ ನಡೆಸೋಕೆ ಹೋಗ್ಬೇಡಿ. ಕ್ಯಾಬಿನೆಟ್ ಜೊತೆ ಫ್ರೀ ಬರೋ ಎಸ್‌ಎಂಪಿಎಸ್ ಬಗ್ಗೆ ನಂಗೆ ನಂಬಿಕೆ ಇಲ್ಲ, ಅದಕ್ಕೆ ಕಾರ್ಡ್ ಹಾಕ್ಬೇಕು ಅಂದ್ರೆ ಮೊದ್ಲು ಎಸ್‌ಎಂಪಿಎಸ್ ಬದಲಾಯಿಸಿ ಅಂತಾನೇ ಹೇಳ್ತೀನಿ.

ಕಾರ್ಡ್ ಕಂಪನಿಯವರು ಇಂತಿಷ್ಟು ವ್ಯಾಟಿನ ಎಸ್‌ಎಂಪಿಎಸ್ ಬೇಕು ಅಂತ ಹೇಳಿರ್ತಾರೆ, ಅದನ್ನ ಪಾಲಿಸಿ. ಎನ್ವಿಡಿಯಾದವರು 4060ಗೆ 550 ಅಂತಾರೆ, 4090ಗೆ 850, 5090ಗೆ 1000. 115 ವ್ಯಾಟಿನ ಕಾರ್ಡ್‌ಗೆ 550 ಯಾಕೆ ಅಂತ ಕೇಳ್ತಾರೆ. ಪ್ರೊಸೆಸರ್, ಫ್ಯಾನು, ಡಿಸ್ಕು ಎಲ್ಲಾ ಸೇರಬೇಕಲ್ಲ, ಮೇಲಾಗಿ ಗೇಮ್ ಆಡುವಾಗ ಕಾರ್ಡ್ ಕ್ಷಣಕ್ಕೊಂದ್ಸಲ ತನ್ನ ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ ಎಳೆಯತ್ತೆ, ಆ ಕ್ಷಣದಲ್ಲಿ ಎಸ್‌ಎಂಪಿಎಸ್ ತಡ್ಕೊಳ್ಳಲಿಲ್ಲ ಅಂದ್ರೆ ಕಂಪ್ಯೂಟರ್ ಟಪ್ ಅಂತ ಆಫ್ ಆಗತ್ತೆ. 80 ಪ್ಲಸ್ ಬ್ರಾಂಜ್, ಗೋಲ್ಡ್ ಅಂತ ಇರೋದು ಕರೆಂಟ್ ಎಷ್ಟು ವೇಸ್ಟ್ ಆಗತ್ತೆ ಅನ್ನೋದರ ಲೆಕ್ಕ ಮಾತ್ರ, ಎಷ್ಟು ಶಕ್ತಿ ಇದೆ ಅನ್ನೋದನ್ನ ಅದು ಹೇಳಲ್ಲ.

ಸೆಕೆಂಡ್ ಹ್ಯಾಂಡ್ ಆಫೀಸ್ ಕಂಪ್ಯೂಟರ್ ತಗೊಂಡು ಅದಕ್ಕೆ ಕಾರ್ಡ್ ಹಾಕ್ಬೇಕು ಅಂತಿರೋರಿಗೆ ಒಂದು ಮಾತು. ಬ್ರಾಂಡೆಡ್ ಆಫೀಸ್ ಡೆಸ್ಕ್‌ಟಾಪ್‌ಗಳಲ್ಲಿ ಎಷ್ಟೋ ಸಲ 240 ವ್ಯಾಟ್ ಸುತ್ತಮುತ್ತಲ ಎಸ್‌ಎಂಪಿಎಸ್ ಇರತ್ತೆ, ಕಾರ್ಡ್‌ಗೆ ಬೇಕಾದ ಕೇಬಲ್ಲೇ ಇರಲ್ಲ, ಮದರ್‌ಬೋರ್ಡ್‌ಗೆ ಹೋಗೋ ಕನೆಕ್ಟರ್ರೂ ಆ ಕಂಪನಿಯದ್ದೇ ಬೇರೆ ತರ ಇರೋದ್ರಿಂದ ಮಾಮೂಲಿ ಎಸ್‌ಎಂಪಿಎಸ್ ತಂದ್ರೆ ಕೂರಲ್ಲ. ಅಂಥದಕ್ಕೆ ಸಾಕೆಟ್ ಇಲ್ಲದ ಕಾರ್ಡ್ ಹುಡುಕೋದೇ ಒಳ್ಳೇದು.

3. ಸರಿಯಾದ ಕೇಬಲ್ ಗುರ್ತು ಹಿಡೀರಿ

ಇದನ್ನ ನಿಧಾನಕ್ಕೆ ಓದಿ. ಎಸ್‌ಎಂಪಿಎಸ್‌ನಿಂದ 8 ಪಿನ್ನಿನ ಎರಡು ಜಾತಿ ಕೇಬಲ್ ಬರತ್ತೆ. ಒಂದು ಪ್ರೊಸೆಸರ್‌ಗೆ, ಇನ್ನೊಂದು ಗ್ರಾಫಿಕ್ಸ್ ಕಾರ್ಡ್‌ಗೆ. ದೂರದಿಂದ ನೋಡಿದ್ರೆ ಅವಳಿ ಜವಳಿ. ಒಳಗೆ ಮಾತ್ರ ಪೂರ್ತಿ ಉಲ್ಟಾ.

ಕಾರ್ಡಿನ ಕೇಬಲನ್ನ 6+2 ಅಂತಾರೆ, ಅಂದ್ರೆ ಆರು ಪಿನ್ನಿನ ಒಂದು ತುಂಡು, ಅದರ ಪಕ್ಕ ಜೋತಾಡೋ ಎರಡು ಪಿನ್ನಿನ ಸಣ್ಣ ತುಂಡು. ಪ್ರೊಸೆಸರ್ ಕೇಬಲ್ 4+4, ಮಧ್ಯಕ್ಕೆ ಸರಿಯಾಗಿ ಎರಡು ಭಾಗ ಆಗತ್ತೆ. ಕೈಲಿ ಹಿಡಿದು ಬಿಡಿಸಿ ನೋಡಿ, ಹೇಗೆ ಬಿಡ್ಕೊಳತ್ತೆ ಅನ್ನೋದ್ರಲ್ಲೇ ಗೊತ್ತಾಗತ್ತೆ. ತುಂಬಾ ಕೇಬಲ್‌ಗಳ ತಲೆ ಮೇಲೇನೇ ಪಿಸಿಐ-ಇ ಅಂತಲೋ ಸಿಪಿಯು ಅಂತಲೋ ಸಣ್ಣಕ್ಷರದಲ್ಲಿ ಬರೆದಿರತ್ತೆ, ಟಾರ್ಚ್ ಬಿಟ್ಟು ನೋಡಿ.

ಹಳದಿ ಕಪ್ಪು ವೈರಿನ ಎಸ್‌ಎಂಪಿಎಸ್ ಆದ್ರೆ ಇನ್ನೊಂದು ಗುರ್ತಿದೆ. ಹಳದಿ 12 ವೋಲ್ಟು, ಕಪ್ಪು ಗ್ರೌಂಡು, ಅಂದ್ರೆ ಕರೆಂಟ್ ವಾಪಸ್ ಹೋಗೋ ದಾರಿ. ಕಾರ್ಡಿನ ಕೇಬಲಲ್ಲಿ ಮೂರು ಹಳದಿ ಐದು ಕಪ್ಪು, ಲಾಕ್ ಆಗೋ ಕ್ಲಿಪ್ ಇರೋ ಕಡೆ ಪೂರ್ತಿ ಕಪ್ಪು. ಪ್ರೊಸೆಸರ್ ಕೇಬಲಲ್ಲಿ ನಾಲ್ಕು ಹಳದಿ ನಾಲ್ಕು ಕಪ್ಪು, ಕ್ಲಿಪ್ ಕಡೆ ಇರೋದು ಹಳದಿ. ಹಂಗಾಗಿ ಪ್ರೊಸೆಸರ್ ಕೇಬಲನ್ನ ಬಲವಂತವಾಗಿ ಕಾರ್ಡ್‌ಗೆ ತುರುಕಿದ್ರೆ ಗ್ರೌಂಡ್ ಹೋಗ್ಬೇಕಾದ ಜಾಗಕ್ಕೆ 12 ವೋಲ್ಟ್ ಹೋಗತ್ತೆ, ಅಂದ್ರೆ ನೇರ ಶಾರ್ಟ್. ತಪ್ಪಾಗಿ ಹೋಗ್ದಿರ್ಲಿ ಅಂತಾನೇ ಪಿನ್ನಿನ ಮೂಲೆಗಳನ್ನ ಕೆಲವು ಚೌಕ, ಕೆಲವು ಗುಂಡು ಮಾಡಿರ್ತಾರೆ, ಆದ್ರೆ ಪ್ಲಾಸ್ಟಿಕ್ ಮೆತ್ತಗಿದ್ರೆ ಜೋರಾಗಿ ಒತ್ತಿದಾಗ ಹೋಗ್ಬಿಡತ್ತೆ. ಸಲೀಸಾಗಿ ಹೋಗ್ತಿಲ್ಲ ಅಂದ್ರೆ ಅದು ಆ ಜಾಗದ ಕೇಬಲ್ ಅಲ್ಲ, ಇಲ್ಲಾ ನೀವು ಉಲ್ಟಾ ಹಿಡಿದಿದೀರಿ, ಅಲ್ಲಿಗೆ ನಿಲ್ಸಿ ಮತ್ತೆ ನೋಡಿ.

ಇನ್ನು ಮಾಡ್ಯುಲರ್ ಎಸ್‌ಎಂಪಿಎಸ್, ಅಂದ್ರೆ ಬೇಕಾದ ಕೇಬಲ್ ಮಾತ್ರ ಹಾಕ್ಕೊಂಡು ಬೇಡದ್ದು ತೆಗೆದಿಡೋ ತರದ್ದು. ಇದ್ರಲ್ಲಿ ದೊಡ್ಡ ಅಪಾಯ ಇದೆ, ದಯವಿಟ್ಟು ನೆನಪಿಟ್ಕೊಳ್ಳಿ: ಒಂದು ಎಸ್‌ಎಂಪಿಎಸ್ ಕೇಬಲ್ ಇನ್ನೊಂದಕ್ಕೆ ಹಾಕ್ಬೇಡಿ. ಕಾರ್ಡ್ ಕಡೆ ತುದಿ ಎಲ್ಲಾ ಕಂಪನಿಯಲ್ಲೂ ಒಂದೇ ತರ, ಎಸ್‌ಎಂಪಿಎಸ್ ಕಡೆ ತುದಿಗೆ ಮಾತ್ರ ಯಾವ ನಿಯಮಾನೂ ಇಲ್ಲ, ಯಾವ ಪಿನ್ನಲ್ಲಿ 12 ವೋಲ್ಟ್ ಬಿಡ್ಬೇಕು ಅನ್ನೋದು ಅವ್ರವ್ರ ಇಷ್ಟ. ಒಂದೇ ಕಂಪನಿಯ ಬೇರೆ ಬೇರೆ ಮಾಡೆಲ್‌ಗಳಲ್ಲೂ ಬದಲಾಗತ್ತೆ. ನನ್ನ ಗೆಳೆಯರೊಬ್ರು ಎಸ್‌ಎಂಪಿಎಸ್ ಬದಲಾಯಿಸಿದಾಗ ಒಳಗೆ ನೀಟಾಗಿ ಕಟ್ಟಿದ್ದ ಹಳೇ ಕೇಬಲ್ ಬಿಚ್ಚೋಕೆ ಬೇಜಾರಾಗಿ ಅದನ್ನೇ ಹೊಸ ಡಬ್ಬಕ್ಕೆ ಸಿಗಿಸಿದ್ರು, ಎಲ್ಲಾ ಸರಿಯಾಗಿ ಕೂತ್ಕೊಳ್ತು, ಸ್ವಿಚ್ ಹಾಕಿದ ತಕ್ಷಣ ಎರಡು ಹಾರ್ಡ್ ಡಿಸ್ಕ್ ಹೋಯ್ತು, ಮಗಳ ಮೊದಲ ವರ್ಷದ ಫೋಟೋ ಪೂರ್ತಿ ಅದ್ರಲ್ಲಿತ್ತು. ಕೇಬಲ್ ಚೀಲದ ಮೇಲೆ ಮಾರ್ಕರಲ್ಲಿ ಎಸ್‌ಎಂಪಿಎಸ್ ಮಾಡೆಲ್ ಹೆಸರು ಬರೆದಿಡಿ. ಯಾವ ಎಸ್‌ಎಂಪಿಎಸ್‌ದು ಅಂತ ಗೊತ್ತಿಲ್ಲದ ಕೇಬಲ್ ಬಳಸ್ಲೇಬೇಡಿ.

ಎಷ್ಟು ಕೇಬಲ್ ಎಳೀಬೇಕು ಅನ್ನೋದೂ ಇದರ ಜೊತೆಗೇ ಬರತ್ತೆ. ಕೆಲವು ಕೇಬಲ್‌ಗೆ ಒಂದೇ ಬುಡ, ತುದೀಲಿ ಎರಡು ತಲೆ ಇರತ್ತೆ. ಕಾರ್ಡಲ್ಲಿ ಎರಡು ಸಾಕೆಟ್ ಇದೆ, ಇದ್ರಲ್ಲಿ ಎರಡು ತಲೆ ಇದೆ, ಮುಗೀತಲ್ಲ ಅಂತ ಹಾಕ್ಬಿಡ್ತಾರೆ. ಓಡತ್ತೆ, ಇಲ್ಲ ಅನ್ನಲ್ಲ, ಆದ್ರೆ ಎರಡು ತಲೆಯ ಭಾರಾನೂ ಒಂದೇ ಬುಡದ ಮೂರ್ನಾಲ್ಕು ವೈರ್ ಮೇಲೆ ಬೀಳತ್ತೆ. ಕಾರ್ಡ್ 225 ವ್ಯಾಟ್ ಒಳಗಿದ್ರೆ, ಎಸ್‌ಎಂಪಿಎಸ್ ಒಳ್ಳೇದಾಗಿದ್ರೆ ಪರವಾಗಿಲ್ಲ. ಅದಕ್ಕಿಂತ ಮೇಲಾದ್ರೆ ಒಂದೊಂದು ಸಾಕೆಟ್‌ಗೂ ಎಸ್‌ಎಂಪಿಎಸ್‌ನಿಂದ ಬೇರೆ ಬೇರೆ ಕೇಬಲ್ ಎಳೀರಿ, ಎರಡನೇ ತಲೆ ಸುಮ್ನೆ ಜೋತಾಡ್ಲಿ ಬಿಡಿ.

4. ಕರೆಂಟ್ ಪೂರ್ತಿ ತೆಗೀರಿ

ಶಟ್‌ಡೌನ್ ಮಾಡಿ, ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ಆಫ್ ಮಾಡಿ, ಗೋಡೆಯಿಂದ ಪ್ಲಗ್ ಕಿತ್ತುಬಿಡಿ. ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡೀರಿ, ಒಳಗೆ ಉಳಿದಿರೋ ಚಾರ್ಜ್ ಖಾಲಿಯಾಗತ್ತೆ. ಮದರ್‌ಬೋರ್ಡ್ ಮೇಲೆ ಲೈಟ್ ಏನಾದ್ರೂ ಉರೀತಿದ್ರೆ ಅದು ಆರೋವರೆಗೂ ಕೈ ಹಾಕ್ಬೇಡಿ. ಕಾರ್ಡ್ ಮುಟ್ಟೋ ಮುಂಚೆ ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹದ ಜಾಗ ಒಂದ್ಸಲ ಮುಟ್ಟಿ, ಮೈಯಲ್ಲಿರೋ ಸ್ಟಾಟಿಕ್ ಇಳಿಯತ್ತೆ. ಬಯಲುಸೀಮೆ ಕಡೆ ಬೇಸಿಗೇಲಿ ಗಾಳಿ ಒಣಗಿರತ್ತೆ, ಪಾಲಿಸ್ಟರ್ ಬಟ್ಟೆ ಹಾಕಿದ್ರೆ ಇನ್ನೂ ಜಾಸ್ತಿ, ಅದಕ್ಕೆ ಮಧ್ಯೆ ಮಧ್ಯೆ ಮುಟ್ತಾ ಇರಿ. ಎಸ್‌ಎಂಪಿಎಸ್ ಡಬ್ಬ ಮಾತ್ರ ಯಾವ ಕಾರಣಕ್ಕೂ ಬಿಚ್ಬೇಡಿ, ಅದರೊಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಜೀವಕ್ಕೆ ಅಪಾಯ ಆಗೋಷ್ಟು ಕರೆಂಟ್ ಹಿಡ್ಕೊಂಡಿರತ್ತೆ.

5. ಕಾರ್ಡ್ ಕೂರ್ಸಿ

ಪ್ರೊಸೆಸರ್‌ಗೆ ಹತ್ರ ಇರೋ ಮೇಲಿನ ಉದ್ದ ಸ್ಲಾಟ್‌ಗೆ, ತುದಿಯ ಲಾಕ್ ಟಕ್ ಅನ್ನೋವರೆಗೂ ಸಮನಾಗಿ ಒತ್ತಿ, ಸ್ಕ್ರೂ ಹಾಕಿ. ಅರ್ಧ ಕೂತ ಕಾರ್ಡಲ್ಲೂ ಫ್ಯಾನ್ ತಿರುಗ್ಬಹುದು, ಡಿಸ್‌ಪ್ಲೇ ಬರಲ್ಲ.

6. ಪವರ್ ಕೇಬಲ್ ಹಾಕಿ

ಕಾರ್ಡಲ್ಲಿ 8 ಪಿನ್ ಇದ್ರೆ ಆರರ ತುಂಡು, ಎರಡರ ತುಂಡು ಎರಡನ್ನೂ ಪಕ್ಕಪಕ್ಕ ಜೋಡಿಸಿ. ಎರಡರ ತುಂಡಿನ ಪಕ್ಕ ಒಂದು ಸಣ್ಣ ನಾಲಿಗೆ ತರ ಇರತ್ತೆ, ಅದು ಆರರ ತುಂಡಿನ ಅಂಚಿಗೆ ಸೇರ್ಕೋಬೇಕು. ಎರಡನ್ನೂ ಬೆರಳಲ್ಲಿ ಒಟ್ಟಿಗೆ ಹಿಡಿದು ಒಂದೇ ಕನೆಕ್ಟರ್ ಅನ್ನೋ ಹಾಗೆ ಒತ್ತಿ. ಆರನ್ನ ಮೊದ್ಲು ಹಾಕಿ ಎರಡನ್ನ ಆಮೇಲೆ ತುರುಕೋಕೆ ಹೋದ್ರೆ ಆ ಎರಡು ಅರ್ಧಕ್ಕೇ ನಿಲ್ಲತ್ತೆ. 6 ಪಿನ್ ಸಾಕೆಟ್ ಇದ್ರೆ ಎರಡರ ತುಂಡನ್ನ ಹಾಗೇ ಪಕ್ಕಕ್ಕೆ ಬಿಡಿ.

ಕ್ಲಿಪ್ ಇರೋ ಕಡೆ ಸಾಕೆಟ್‌ನ ಕೊಕ್ಕೆ ಕಡೆಗೆ ಬರ್ಬೇಕು. ಕ್ಲಿಕ್ ಶಬ್ದ ಬರೋವರೆಗೂ ಒತ್ತಿ, ಆಮೇಲೆ ಕ್ಲಿಪ್ ಒತ್ತದೆ ಕನೆಕ್ಟರ್ ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆದು ನೋಡಿ, ಬರಬಾರ್ದು. ಮಾಡ್ಯುಲರ್ ಆದ್ರೆ ಎಸ್‌ಎಂಪಿಎಸ್ ಕಡೆ ತುದೀನೂ ಇದೇ ತರ ಎಳೆದು ನೋಡಿ, ತುಂಬಾ ಜನ ಆ ಕಡೆ ಮರೆತೇಬಿಡ್ತಾರೆ. ಕಾರ್ಡಲ್ಲಿ ಎಷ್ಟು ಸಾಕೆಟ್ ಇದೆಯೋ ಅಷ್ಟನ್ನೂ ತುಂಬ್ಬೇಕು, ಒಂದು ಖಾಲಿ ಬಿಟ್ರೂ ಕಾರ್ಡ್ ಏಳಲ್ಲ.

7. 16 ಪಿನ್ ಕಾರ್ಡ್ ಇರೋರು ಇದನ್ನ ಬಿಡದೆ ಓದಿ

ಇದಕ್ಕೆ 12ವಿಎಚ್‌ಪಿಡಬ್ಲ್ಯುಆರ್ ಅಂತ ಹೆಸರು. ಹನ್ನೆರಡು ದಪ್ಪ ಪಿನ್ ಕರೆಂಟ್‌ಗೆ (ಆರು 12 ವೋಲ್ಟು, ಆರು ಗ್ರೌಂಡು), ಅದಕ್ಕಂಟಿಕೊಂಡ ನಾಲ್ಕು ಸಣ್ಣ ಪಿನ್ ಎಸ್‌ಎಂಪಿಎಸ್ ಎಷ್ಟು ಕೊಡಬಲ್ಲದು ಅಂತ ಕಾರ್ಡ್‌ಗೆ ಹೇಳೋಕೆ. 2022ರಲ್ಲಿ ಆರ್‌ಟಿಎಕ್ಸ್ 4090 ಬಂದಾಗ ಈ ಕನೆಕ್ಟರ್ ಕರಗಿದ ಫೋಟೋಗಳು ಎಲ್ಲಾ ಕಡೆ ಓಡಾಡಿದ್ವು. ಎನ್ವಿಡಿಯಾದವರು ಆ ವರ್ಷ ನವೆಂಬರಲ್ಲಿ, ತಾವು ಪರಿಶೀಲಿಸಿದ್ರಲ್ಲಿ ಸಾಮಾನ್ಯವಾಗಿ ಕಂಡಿದ್ದು ಕನೆಕ್ಟರ್ ಪೂರ್ತಿ ಒಳಗೆ ಹೋಗದೆ ಇದ್ದಿದ್ದು ಅಂತ ಹೇಳಿದ್ರು. 2023ರಲ್ಲಿ 12ವಿ-2x6 ಅಂತ ತಿದ್ದಿದ ಕನೆಕ್ಟರ್ ಬಂತು, ಅದ್ರಲ್ಲಿ ಕರೆಂಟಿನ ಪಿನ್ ಸ್ವಲ್ಪ ಉದ್ದ ಮಾಡಿ ಆ ನಾಲ್ಕು ಸಣ್ಣ ಪಿನ್ ಗಿಡ್ಡ ಮಾಡಿದ್ರು, ಪೂರ್ತಿ ಒಳಗೆ ಹೋಗೋವರೆಗೂ ಕಾರ್ಡ್‌ಗೆ ಒಪ್ಪಿಗೆ ಸಿಗದೆ ಇರ್ಲಿ ಅಂತ.

ಯಾಕೆ ಇಷ್ಟು ಸೂಕ್ಷ್ಮ ಅಂದ್ರೆ ಲೆಕ್ಕ ನೋಡಿ. ಹಳೇ 8 ಪಿನ್ನಲ್ಲಿ 150 ವ್ಯಾಟ್ ಅಂದ್ರೆ 12.5 ಆಂಪ್, ಅದು ಮೂರು ಪಿನ್‌ಗೆ ಹಂಚಿಹೋಗತ್ತೆ, ಒಂದಕ್ಕೆ ನಾಲ್ಕು ಆಂಪ್ ಚಿಲ್ಲರೆ. ಇಲ್ಲಿ 600 ವ್ಯಾಟ್ ಅಂದ್ರೆ 50 ಆಂಪ್, ಆರು ಪಿನ್‌ಗೆ ಹಂಚಿದ್ರೆ ಒಂದೊಂದಕ್ಕೂ ಎಂಟು ಆಂಪ್ ದಾಟತ್ತೆ, ಪಿನ್ ನೋಡಿದ್ರೆ ಹಳೇದಕ್ಕಿಂತ ಸಣ್ಣದು. ಒಂದೆರಡು ಪಿನ್ ಸರಿಯಾಗಿ ತಾಗ್ಲಿಲ್ಲ ಅಂದ್ರೆ ಮಿಕ್ಕಿದ್ದರ ಮೇಲೆ ಭಾರ ಬಿದ್ದು ಬಿಸಿಯಾಗಿ ಪ್ಲಾಸ್ಟಿಕ್ ಮೆತ್ತಗಾಗೋಕೆ ಶುರುವಾಗತ್ತೆ.

ಅದಕ್ಕೆ ಕ್ಲಿಕ್ ಶಬ್ದ ಮಾತ್ರ ನಂಬ್ಬೇಡಿ, ಇದ್ರಲ್ಲಿ ಶಬ್ದ ಸರಿಯಾಗಿ ಕೇಳಿಸೋದೂ ಇಲ್ಲ. ಹಾಕಿದ್ಮೇಲೆ ಟಾರ್ಚ್ ಬಿಟ್ಟು ಪಕ್ಕದಿಂದ ನೋಡಿ, ಕನೆಕ್ಟರ್‌ಗೂ ಸಾಕೆಟ್‌ಗೂ ಮಧ್ಯೆ ಕೂದಲೆಳೆ ಸಂದು ಕೂಡ ಕಾಣ್ಬಾರ್ದು. ಕಾರ್ಡನ್ನ ಸ್ಲಾಟ್‌ಗೆ ಹಾಕೋ ಮುಂಚೆ ಮೇಜಿನ ಮೇಲಿಟ್ಟೇ ಕೇಬಲ್ ಹಾಕ್ಕೊಂಡ್ರೆ ಕೈಗೆ ಬಲ ಸಿಗತ್ತೆ, ನಾನು ಹಾಗೇ ಮಾಡೋದು. ಕನೆಕ್ಟರ್‌ನಿಂದ ಮೂರೂವರೆ ಸೆಂಟಿಮೀಟರ್ ಕೇಬಲ್ ನೆಟ್ಟಗೆ ಇರ್ಲಿ, ಆಮೇಲೆ ಬಗ್ಗಿಸಿ. ಕ್ಯಾಬಿನೆಟ್ಟಿನ ಗಾಜು ಕೇಬಲ್ ಮೇಲೆ ಒತ್ತಿ ಕೂರ್ತಿದ್ರೆ ಆ ಕ್ಯಾಬಿನೆಟ್ ನಿಮ್ಮ ಕಾರ್ಡ್‌ಗೆ ಸಾಲಲ್ಲ. ಸುಮ್ ಸುಮ್ನೆ ತೆಗೆದು ಹಾಕಿ ಮಾಡ್ಬೇಡಿ, ಈ ಕನೆಕ್ಟರ್‌ಗೆ ಲೆಕ್ಕ ಹಾಕಿರೋದೇ ಮೂವತ್ತು ಸಲಕ್ಕೆ.

ಎಸ್‌ಎಂಪಿಎಸ್ ಹಳೇದಾಗಿದ್ದು 16 ಪಿನ್ ಕೇಬಲ್ ಇಲ್ಲ ಅಂದ್ರೆ ಕಾರ್ಡ್ ಜೊತೆ ಬಂದ ಅಡಾಪ್ಟರ್ ಹಾಕಿ, ಅದರ ಎಲ್ಲಾ 8 ಪಿನ್ ಬಾಲಕ್ಕೂ ಬೇರೆ ಬೇರೆ ಕೇಬಲ್ ಕೊಡಿ.

8. ಆನ್ ಮಾಡಿ ನೋಡಿ

ಮಾನಿಟರ್ ಕೇಬಲನ್ನ ಕಾರ್ಡ್‌ಗೆ ಹಾಕಿ, ಮದರ್‌ಬೋರ್ಡ್‌ಗಲ್ಲ. ಡಿಸ್‌ಪ್ಲೇ ಬರ್ತಿಲ್ಲ, ಕಾರ್ಡ್ ಸುಟ್ಟೋಯ್ತು ಅಂತ ಗಾಬರಿಯಾಗಿ ಫೋನ್ ಮಾಡೋರಲ್ಲಿ ಎಷ್ಟೋ ಜನರದ್ದು ಇದೇ ತಪ್ಪಾಗಿರತ್ತೆ.

ಆನ್ ಮಾಡಿದಾಗ ಪವರ್ ಕೇಬಲ್ ಜೋಡಿಸಿ ಅಂತ ಇಂಗ್ಲಿಷಲ್ಲಿ ಸಂದೇಶ ಬಂದ್ರೆ, ಇಲ್ಲಾ ಕಾರ್ಡಿನ ಸಾಕೆಟ್ ಪಕ್ಕ ಕೆಂಪು ಲೈಟ್ ಉರಿದ್ರೆ ಕೇಬಲ್ ಪೂರ್ತಿ ಕೂತಿಲ್ಲ ಅಂತ ಅರ್ಥ. ಕರೆಂಟ್ ತೆಗೆದು ಆರನೇ ಹಂತ ಮತ್ತೆ ಮಾಡಿ. ಕಂಪ್ಯೂಟರ್ ಒಂದು ಸೆಕೆಂಡ್ ಆನ್ ಆಗಿ ಹಾಗೇ ಆಫ್ ಆದ್ರೆ ಎಲ್ಲೋ ಶಾರ್ಟ್ ಇರ್ಬಹುದು, ಎಸ್‌ಎಂಪಿಎಸ್ ತನ್ನನ್ನ ಕಾಪಾಡ್ಕೊಳ್ತಿದೆ, ಪದೇ ಪದೇ ಬಟನ್ ಒತ್ಬೇಡಿ. ಮಾಮೂಲಿ ಕೆಲಸದಲ್ಲಿ ಚೆನ್ನಾಗಿದ್ದು ಗೇಮ್ ಶುರುವಾದ ಮೇಲೆ ಆಫ್ ಆಗ್ತಿದ್ರೆ ಮೊದ್ಲು ಅನುಮಾನ ಪಡ್ಬೇಕಾಗಿರೋದು ಎಸ್‌ಎಂಪಿಎಸ್ ಶಕ್ತಿ.

ಎಲ್ಲಾ ಸರಿ ಇದ್ರೆ ಕಾರ್ಡಿನ ಡ್ರೈವರ್ ಸಾಫ್ಟ್‌ವೇರ್ ಹಾಕಿ ಅರ್ಧ ಗಂಟೆ ಭಾರದ ಗೇಮ್ ಓಡಿಸಿ. ಆಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಕನೆಕ್ಟರ್‌ನ ಎರಡೂ ತುದಿ ಬೆರಳಲ್ಲಿ ಮುಟ್ಟಿ. ಬೆಚ್ಚಗಿದ್ರೆ ಸರಿ, ಬೆರಳಿಡೋಕಾಗದಷ್ಟು ಬಿಸಿ ಇದ್ರೆ ಸರಿಯಿಲ್ಲ. ಓಡ್ತಿರುವಾಗ್ಲೇ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದ್ರೆ ಗೇಮ್ ಸೇವ್ ಮಾಡೋಕೆ ನಿಲ್ಬೇಡಿ, ಗೋಡೆ ಸ್ವಿಚ್ ಆಫ್ ಮಾಡಿ.

ಮತ್ತೆ ಮತ್ತೆ ಕೇಳೋ ಮೂರು ವಿಷಯ

ಕೇಬಲ್ ಕಮ್ಮಿ ಬಿತ್ತು, ಅಂಗಡೀಲಿ ನೂರಿನ್ನೂರು ರೂಪಾಯಿಗೆ ಸಾಟಾದಿಂದ ಪಿಸಿಐ-ಇ ಮಾಡೋ ಅಡಾಪ್ಟರ್ ಸಿಗತ್ತಲ್ಲ ಅಂತ ಕೇಳ್ತಾರೆ. ಬೇಡ. ಸಾಟಾ ಅಂದ್ರೆ ಹಾರ್ಡ್ ಡಿಸ್ಕ್‌ಗೆ ಹೋಗೋ ಚಪ್ಪಟೆ ಕನೆಕ್ಟರ್, ಅದು 12 ವೋಲ್ಟಲ್ಲಿ 54 ವ್ಯಾಟ್ ಹೊರೋಕೆ ಮಾತ್ರ ಮಾಡಿರೋದು, ಅದ್ರಿಂದ 75 ಇಲ್ಲಾ 150 ವ್ಯಾಟ್ ಎಳೆದ್ರೆ ಕರಗತ್ತೆ, ಬೆಂಕೀನೂ ಹತ್ಕೋಬಹುದು. ಹಳೇ ದೊಡ್ಡ ನಾಲ್ಕು ಪಿನ್ ಮೋಲೆಕ್ಸ್‌ನಿಂದ 6 ಪಿನ್ ಮಾಡೋ ಅಡಾಪ್ಟರ್ ಇದಕ್ಕಿಂತ ವಾಸಿ, ಅದೂ ಎರಡು ಬೇರೆ ಬೇರೆ ಕೇಬಲಿಂದ ತಗೊಂಡ್ರೆ ಮಾತ್ರ. ನಿಜ ಹೇಳ್ಬೇಕಂದ್ರೆ ಎಸ್‌ಎಂಪಿಎಸ್‌ನಲ್ಲಿ ಪಿಸಿಐ-ಇ ಕೇಬಲ್ ಇಲ್ಲ ಅಂದ್ರೆ ಮಾಡಿದೋರೇ ಇದನ್ನ ಅಂಥ ಕಾರ್ಡ್‌ಗೆ ಅಂತ ಮಾಡಿಲ್ಲ.

ಎರಡನೇದು ಯುಪಿಎಸ್. ನಮ್ಮಲ್ಲಿ ಕರೆಂಟ್ ಹೋಗೋದು ಬರೋದು ಮಾಮೂಲಿ, ಅದಕ್ಕೆ ಮನೇಲಿ 600 ವಿಎ ಯುಪಿಎಸ್ ಇಟ್ಟಿರ್ತಾರೆ. ಅದರ ನಿಜವಾದ ತಾಕತ್ತು ಸಾಮಾನ್ಯವಾಗಿ 360 ವ್ಯಾಟ್. ಹಳೇ ಕಂಪ್ಯೂಟರ್‌ಗೆ ಅದು ಧಾರಾಳ ಆಗಿತ್ತು, ಹೊಸ ಕಾರ್ಡ್ ಹಾಕಿ ಗೇಮ್ ಆಡುವಾಗ ಮಾನಿಟರ್ ಸೇರಿ 400 ದಾಟಿದ್ರೆ ಯುಪಿಎಸ್ ಕೂಗಿ ಆಫ್ ಆಗತ್ತೆ. ಕಾರ್ಡ್ ವಾಪಸ್ ಕೊಡೋಕೆ ಹೋಗೋ ಮುಂಚೆ ಒಂದ್ಸಲ ಯುಪಿಎಸ್ ಬಿಟ್ಟು ನೇರ ಗೋಡೆಗೆ ಹಾಕಿ ನೋಡಿ.

ಮೂರನೇದು ಅರ್ಥಿಂಗ್. ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನತ್ತಾ? ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸ್ವಲ್ಪ ಕರೆಂಟನ್ನ ಅರ್ಥ್ ಪಿನ್‌ಗೆ ಬಿಡ್ತವೆ, ಗೋಡೇಲಿ ಅರ್ಥ್ ಇಲ್ಲ ಅಂದ್ರೆ ಅದು ಹೋಗೋಕೆ ದಾರಿ ಇಲ್ದೆ ಕ್ಯಾಬಿನೆಟ್ ಮೇಲೇ ನಿಲ್ಲತ್ತೆ, ಬರಿಗಾಲಲ್ಲಿ ಮುಟ್ಟಿದಾಗ ನಿಮ್ಮ ಮೂಲಕ ಹೋಗತ್ತೆ. ಹಳೇ ಬಾಡಿಗೆ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರತ್ತೆ, ಹಿಂದೆ ಅರ್ಥ್ ವೈರೇ ಇರಲ್ಲ. ಎಲೆಕ್ಟ್ರಿಷಿಯನ್ ಕರ್ಸಿ ಟೆಸ್ಟ್ ಮಾಡ್ಸಿ. ದೊಡ್ಡ ಕಾರ್ಡ್ ತಗೊಂಡಿದ್ರೆ ತೆಳ್ಳನೆ ಎಕ್ಸ್‌ಟೆನ್ಶನ್ ಬಾಕ್ಸ್‌ಗೆ ಕಂಪ್ಯೂಟರ್, ಇಸ್ತ್ರಿಪೆಟ್ಟಿಗೆ ಎರಡನ್ನೂ ಒಟ್ಟಿಗೆ ಹಾಕೋದೂ ಬೇಡ.

ಕೇಳೋದೇನಾದ್ರೂ ಇದ್ರೆ ಎಸ್‌ಎಂಪಿಎಸ್ ಸ್ಟಿಕ್ಕರ್ ಫೋಟೋ, ಕಾರ್ಡಿನ ಸಾಕೆಟ್ ಫೋಟೋ, ಕೇಬಲ್ ತಲೆಯ ಫೋಟೋ ಮೂರೂ ಕಳಿಸಿ, ಹತ್ರದಿಂದ ಬೆಳಕಲ್ಲಿ ತೆಗೆದಿದ್ದು. ಉತ್ತರ ಬರೋವರೆಗೂ ಪ್ಲಗ್ ಹಾಕ್ದೆ ಹಾಗೇ ಬಿಟ್ಟಿರಿ.